ಚಾರ್ಜಿಂಗ್ ಕೇಬಲ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೈಬ್ರಿಡ್ ಕಾರಿನ (ಎಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಕೂಡ ಇರುವ ಕಾರಿನ) ವಿಷಯ ಬಂದಾಗಲೆಲ್ಲ ‘ಪರಿಸರಸ್ನೇಹಿ’ ಅನ್ನುವ ಪದ ಬಾಲದ ಹಾಗೆ ಅಂಟಿಕೊಂಡೇ ಬರುತ್ತದೆ. ಯಾವ ಹೈಬ್ರಿಡ್, ಯಾರ ಕೈಯಲ್ಲಿ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿದರೆ ಸ್ನೇಹಿ ಅಂತ ಮಾತ್ರ ಎಲ್ಲೂ ಇರುವುದಿಲ್ಲ. ನನ್ನ ತಕರಾರು ಅದರ ಬಗ್ಗೆ.

ಕಳೆದ ತಿಂಗಳು ಸ್ನೇಹಿತನ ಕಾರಿನಲ್ಲಿ ಹೋಗಿದ್ದೆ. ಪ್ಲಗ್-ಇನ್ ಹೈಬ್ರಿಡ್, ಅಂದರೆ ಮೊಬೈಲ್ ತರಹ ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡುವಂಥದ್ದು. ಕೊಂಡು ಒಂದೂವರೆ ವರ್ಷವಾಗಿದೆ. ಬ್ಯಾಗ್ ಇಡೋಣ ಅಂತ ಡಿಕ್ಕಿ ತೆಗೆದರೆ ಮೂಲೆಯಲ್ಲಿ ಚಾರ್ಜಿಂಗ್ ಕೇಬಲ್ ಸುರುಳಿ ಸುತ್ತಿಕೊಂಡು ಬಿದ್ದಿತ್ತು, ಅದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ‘ಏನೋ ಇದು, ಒಂದು ಸಲಾನೂ ಚಾರ್ಜ್ ಮಾಡಿಲ್ವಾ?’ ಅಂದೆ. ‘ಓಡುವಾಗ ತಾನಾಗೇ ಆಗುತ್ತಲ್ಲ ಬಿಡೋ’ ಅಂದ. ಅವನು ದಡ್ಡನಲ್ಲ. ಷೋರೂಮಿನಲ್ಲಿ ಅವನಿಗೆ ಹಾಗೇ ಹೇಳಿದ್ದರಂತೆ.

ತಾನಾಗೇ ಆಗುತ್ತೆ, ನಿಜ. ಆದರೆ ಎಲ್ಲಿಂದ? ಬ್ರೇಕ್ ಒತ್ತಿದಾಗ ಮೋಟರ್ ಡೈನಮೋ ಥರ ತಿರುಗಿ ಬ್ಯಾಟರಿ ತುಂಬುತ್ತದೆ, ಸರಿ. ಆದರೆ ಕಾರಿಗೆ ಆ ವೇಗ ಕೊಟ್ಟಿದ್ದೇ ಪೆಟ್ರೋಲ್ ಅಲ್ವಾ? ಬಿಸಿಯಾಗಿ ಹಾಳಾಗಿ ಹೋಗಬೇಕಿದ್ದ ಶಕ್ತಿಯಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ, ಅಷ್ಟೇ. ಗೋಡೆಗೆ ಸಿಕ್ಕಿಸದ ಹೈಬ್ರಿಡ್ ಕೊನೆಗೂ ಪೆಟ್ರೋಲ್ ಕಾರೇ. ಜಾಣ ಪೆಟ್ರೋಲ್ ಕಾರು ಅನ್ನಿ ಬೇಕಾದರೆ.

ಆ ಜಾಣತನವನ್ನು ನಾನು ಹೀಗಳೆಯುತ್ತಿಲ್ಲ. ಟೊಯೋಟಾ ಕಂಪನಿ 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪ್ರಿಯಸ್ ಮಾರಾಟಕ್ಕೆ ಬಿಟ್ಟಾಗ ಅದು ನಿಜವಾಗಲೂ ದೊಡ್ಡ ಹೆಜ್ಜೆ. (ಐಡಿಯಾ ಹಳೆಯದೇ. ಫರ್ಡಿನಾಂಡ್ ಪೋರ್ಷೆ 1900ರ ಹೊತ್ತಿಗೇ ಎಂಜಿನ್ನು, ಬ್ಯಾಟರಿ ಎರಡೂ ಇರುವ ಗಾಡಿ ಮಾಡಿದ್ದರು.) ಪೆಟ್ರೋಲ್ ಎಂಜಿನ್ ಅತಿ ಹೆಚ್ಚು ಇಂಧನ ಹಾಳು ಮಾಡುವುದು ಸಿಗ್ನಲ್‌ನಲ್ಲಿ ನಿಂತಾಗ ಮತ್ತು ಟ್ರಾಫಿಕ್‌ನಲ್ಲಿ ತೆವಳುವಾಗ. ಹೈಬ್ರಿಡ್‌ನಲ್ಲಿ ಆಗ ಎಂಜಿನ್ ಆಫ್ ಆಗಿ ಮೋಟರ್ ಕೆಲಸ ಶುರು ಮಾಡುತ್ತದೆ. ಪೇಟೆಯೊಳಗೆ ದಿನವಿಡೀ ಸುತ್ತುವ ಟ್ಯಾಕ್ಸಿಗೆ ಇದಕ್ಕಿಂತ ಒಳ್ಳೆಯ ಪೆಟ್ರೋಲ್ ಗಾಡಿ ಸಿಗುವುದು ಕಷ್ಟ. ಬ್ರೇಕ್ ಪ್ಯಾಡ್ ಕೂಡ ಕಡಿಮೆ ಸವೆಯುತ್ತದೆ, ಅಂದರೆ ಬ್ರೇಕಿನ ಧೂಳೂ ಕಡಿಮೆ. ಟೈರಿನ ಧೂಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅದೇ ಕಾರನ್ನು ಹೆದ್ದಾರಿಗೆ ಹತ್ತಿಸಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿ ನೋಡಿ, ಬ್ರೇಕೇ ಹಾಕದ ಮೇಲೆ ವಾಪಸ್ ಬರುವುದಾದರೂ ಏನು? ಅಲ್ಲಿ ಲಾಭ ಬಹಳ ಸಣ್ಣದಾಗಿಬಿಡುತ್ತದೆ.

ಇನ್ನು ‘ಮೈಲ್ಡ್ ಹೈಬ್ರಿಡ್’ ಅಂತ ಒಂದಿದೆ. ಚಿಕ್ಕ ಬ್ಯಾಟರಿ, ಸ್ಟಾರ್ಟರ್‌ಗಿಂತ ಸ್ವಲ್ಪ ದೊಡ್ಡ ಮೋಟರ್. ಹೆಚ್ಚಿನವು ಬರೀ ಮೋಟರಿನ ಮೇಲೆ ಓಡುವುದೇ ಇಲ್ಲ, ಎಂಜಿನ್ನಿಗೆ ಒಂದು ಕೈ ಕೊಡುತ್ತವೆ, ಅಷ್ಟೇ. ಹಿಂದುಗಡೆ ಬ್ಯಾಡ್ಜ್ ಮಾತ್ರ ಅದೇ.

ಈಗ ನನ್ನ ಸ್ನೇಹಿತನ ಕಾರಿಗೆ ಬರೋಣ. ಪ್ಲಗ್-ಇನ್ ಕಾರಿನ ಮೈಲೇಜ್ ಅಂತ ಬರೆಯುತ್ತಾರಲ್ಲ, ನಂಬಲಾಗದಷ್ಟು ದೊಡ್ಡ ಅಂಕಿ, ಅದು ಬರುವುದು ಲ್ಯಾಬಿನಿಂದ. ಮಾಲೀಕರು ಇಷ್ಟು ಪಾಲು ದೂರವನ್ನು ಚಾರ್ಜ್ ಮಾಡಿದ ಬ್ಯಾಟರಿಯಲ್ಲೇ ಓಡಿಸುತ್ತಾರೆ ಅಂತ ಮೊದಲೇ ಒಂದು ಲೆಕ್ಕ ಹಿಡಿದುಕೊಂಡು ಅಂಕಿ ತೆಗೆಯುತ್ತಾರೆ. ಎಲ್ಲರೂ ದಿನಾ ರಾತ್ರಿ ಶಿಸ್ತಾಗಿ ಚಾರ್ಜ್ ಹಾಕಿ ಮಲಗುತ್ತಾರೆ ಅನ್ನುವ ನಂಬಿಕೆ! ಯುರೋಪಿನಲ್ಲಿ 2021ರಿಂದ ಹೊಸ ಕಾರುಗಳ ಒಳಗೇ ಇಂಧನ ಅಳೆಯುವ ವ್ಯವಸ್ಥೆ ಇರಬೇಕು ಅಂತ ನಿಯಮ ಬಂತು. ಹಾಗೆ ಸಿಕ್ಕ ಅಂಕಿಗಳನ್ನು ಯುರೋಪಿಯನ್ ಕಮಿಷನ್ 2024ರಲ್ಲಿ ಹೊರಗಿಟ್ಟಿತು. ಮಾಮೂಲಿ ಪೆಟ್ರೋಲ್, ಡೀಸೆಲ್ ಕಾರುಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್ ಲ್ಯಾಬ್ ಅಂಕಿಗಿಂತ ಸುಮಾರು ಶೇ 20ರಷ್ಟು ಜಾಸ್ತಿ ಇತ್ತು. ಪ್ಲಗ್-ಇನ್ ಹೈಬ್ರಿಡ್‌ಗಳದ್ದು? ಸರಾಸರಿ ಮೂರೂವರೆ ಪಟ್ಟು. ಕಂಪನಿ ಕೊಡಿಸಿದ ಕಾರುಗಳಲ್ಲಂತೂ ಪೆಟ್ರೋಲ್ ಖರ್ಚು ಕಂಪನಿಯದ್ದು, ಕರೆಂಟ್ ಬಿಲ್ ಮನೆಯದ್ದು. ಕೇಬಲ್ ಕವರ್ ಯಾಕೆ ಬಿಚ್ಚುತ್ತಾರೆ ಹೇಳಿ. ಚಾರ್ಜ್ ಇಲ್ಲದ ಪ್ಲಗ್-ಇನ್ ಅಂದರೆ ಖಾಲಿ ಬ್ಯಾಟರಿಯ ಭಾರವನ್ನೂ ಹೊತ್ತು ಓಡುವ ಪೆಟ್ರೋಲ್ ಕಾರು. ಹಾಗಂತ ದಿನಾ ಚಾರ್ಜ್ ಮಾಡುವವರೂ ಇದ್ದಾರೆ, ಆಫೀಸಿಗೆ ಹೋಗಿ ಬರುವಷ್ಟು ದೂರಕ್ಕೆ ಅವರು ಪೆಟ್ರೋಲೇ ಮುಟ್ಟುವುದಿಲ್ಲ. ಕಾರು ಒಂದೇ, ಮನುಷ್ಯ ಬೇರೆ.

ಇನ್ನೊಂದು ಪ್ರಶ್ನೆ, ಇದನ್ನು ನನ್ನನ್ನೇ ಹಲವರು ಕೇಳಿದ್ದಾರೆ: ಈಗಿರುವ ಪೆಟ್ರೋಲ್ ಕಾರು ಚೆನ್ನಾಗೇ ಇದೆ, ಪರಿಸರಕ್ಕೋಸ್ಕರ ಮಾರಿ ಹೈಬ್ರಿಡ್ ತಗೊಳ್ಳಲಾ? ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. (ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ ಅಷ್ಟು ಹೇಗೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಂಗಾಲ ಪೆಟ್ರೋಲಿನದು, ಜೊತೆ ಸೇರುವ ಆಮ್ಲಜನಕ ಗಾಳಿಯದು.) ಹಳೆ ಕಾರು ಲೀಟರಿಗೆ 15 ಕಿ.ಮೀ., ಹೈಬ್ರಿಡ್ 22 ಕಿ.ಮೀ. ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 15,000 ಕಿ.ಮೀ. ಓಡಿಸುವವರಿಗೆ ಸುಮಾರು 320 ಲೀಟರ್ ಉಳಿಯುತ್ತದೆ, ಅಂದರೆ ಮುಕ್ಕಾಲು ಟನ್ನಿಗೆ ಸ್ವಲ್ಪ ಕಡಿಮೆ ಇಂಗಾಲದ ಡೈಆಕ್ಸೈಡ್. ಭಾನುವಾರ ಮಾತ್ರ ಕಾರು ತೆಗೆದು ವರ್ಷಕ್ಕೆ 3,000 ಕಿ.ಮೀ. ಓಡಿಸುವವರಿಗೆ ಉಳಿಯುವುದು 150 ಕೆ.ಜಿ.ಯೊಳಗೆ. ಈಗ ಹೊಸ ಕಾರು ಒಂದನ್ನು ತಯಾರಿಸುವುದಕ್ಕೇ, ಉಕ್ಕು, ಅಲ್ಯುಮಿನಿಯಂ, ಪ್ಲಾಸ್ಟಿಕ್, ಬ್ಯಾಟರಿ ಎಲ್ಲ ಸೇರಿ, 5 ಟನ್ ಆಗುತ್ತದೆ ಅಂತ ಕಡಿಮೆಯಲ್ಲೇ ಹಿಡಿಯಿರಿ. ಮೊದಲನೆಯವರಿಗೆ ಅದು ತೀರಲು ಸುಮಾರು ಏಳು ವರ್ಷ. ವರ್ಷಕ್ಕೆ 60,000 ಕಿ.ಮೀ. ಓಡುವ ಟ್ಯಾಕ್ಸಿಗೆ ಎರಡು ವರ್ಷವೂ ಬೇಡ. ಭಾನುವಾರದವರಿಗೆ ಮೂವತ್ತು ವರ್ಷ ದಾಟುತ್ತದೆ, ಅಷ್ಟರಲ್ಲಿ ಹೈಬ್ರಿಡ್ಡೇ ಗುಜರಿ ಸೇರಿರುತ್ತದೆ. ಮೇಲಾಗಿ ನೀವು ಮಾರಿದ ಹಳೆ ಕಾರು ಮಾಯವಾಗುವುದಿಲ್ಲ, ಇನ್ನೊಬ್ಬರ ಕೈಯಲ್ಲಿ ಓಡುತ್ತಲೇ ಇರುತ್ತದೆ. ಹೇಗೂ ಹೊಸ ಕಾರು ತಗೊಳ್ಳಲೇಬೇಕು ಅನ್ನುವವರ ಲೆಕ್ಕ ಬೇರೆ. ಯಾವ ಕಾರಾದರೂ ತಯಾರಿಕೆಯ ಹೊರೆ ಇದ್ದೇ ಇದೆ, ಅವರು ಪೆಟ್ರೋಲ್ ಬಿಟ್ಟು ಹೈಬ್ರಿಡ್ ತಗೊಂಡರೆ ಮೊದಲ ವರ್ಷಗಳಿಂದಲೇ ಲಾಭ.

ಮೈಲೇಜ್ ಚೆನ್ನಾಗಿದೆ ಅಂತ ಜಾಸ್ತಿ ಓಡಿಸುವವರ ಕಥೆಯೂ ಇದೆ. ಉಗಿ ಯಂತ್ರಗಳು ಸುಧಾರಿಸಿದಷ್ಟೂ ಕಲ್ಲಿದ್ದಲು ಉಳಿಯುವುದಿಲ್ಲ, ಇನ್ನಷ್ಟು ಖರ್ಚಾಗುತ್ತದೆ ಅಂತ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1865ರಲ್ಲೇ ಹೇಳಿದ್ದ.

ಹಾಗಾದರೆ ಪೂರ್ತಿ ಎಲೆಕ್ಟ್ರಿಕ್? ಫೋಕ್ಸ್‌ವ್ಯಾಗನ್‌ನ ಡೀಸೆಲ್ ಹೊಗೆ ಪರೀಕ್ಷೆಯ ಮೋಸ 2015ರಲ್ಲಿ ಬಯಲಾಗಲು ಕಾರಣವಾದ, ವಾಹನ ಮಾಲಿನ್ಯದ ಅಧ್ಯಯನ ಮಾಡುವ ಐಸಿಸಿಟಿ ಸಂಸ್ಥೆ 2021ರಲ್ಲಿ ತಯಾರಿಕೆಯಿಂದ ಗುಜರಿಯವರೆಗಿನ ಲೆಕ್ಕ ಹಾಕಿತ್ತು. ಅದರ ಪ್ರಕಾರ ಎಲೆಕ್ಟ್ರಿಕ್ ಕಾರಿನ ಒಟ್ಟು ಇಂಗಾಲ ಪೆಟ್ರೋಲ್ ಕಾರಿಗಿಂತ ಯುರೋಪಿನಲ್ಲಿ ಶೇ 66ರಿಂದ 69, ಚೀನಾದಲ್ಲಿ ಶೇ 37ರಿಂದ 45, ಭಾರತದಲ್ಲಿ ಶೇ 19ರಿಂದ 34ರಷ್ಟು ಕಡಿಮೆ. ಕಲ್ಲಿದ್ದಲಿನ ಕರೆಂಟ್ ಎಷ್ಟಿದೆ ಅನ್ನುವುದರ ಮೇಲೆ ಇದೆಲ್ಲ ನಿಂತಿದೆ. ಕಲ್ಲಿದ್ದಲು ಜಾಸ್ತಿ ಇರುವ ಕಡೆ ಒಳ್ಳೆಯ ಹೈಬ್ರಿಡ್ ಅದರ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ. ಗೋಡೆಗೆ ಸಿಕ್ಕಿಸದ ಮಾಮೂಲಿ ಹೈಬ್ರಿಡ್ಡಿನ ಬ್ಯಾಟರಿಯೂ ಚಿಕ್ಕದು, ಸುಮಾರು ಒಂದು ಯೂನಿಟ್ ಕರೆಂಟ್ ಹಿಡಿಯುವಷ್ಟು. ಎಲೆಕ್ಟ್ರಿಕ್ ಕಾರಿಗೆ 50 ಯೂನಿಟ್‌ನದ್ದು ಬೇಕು. ನಿಕಲ್ಲು, ಲಿಥಿಯಂ, ಕೋಬಾಲ್ಟ್ ಅಂತ ನೆಲ ಅಗೆಯುವುದು ಅಷ್ಟು ಕಡಿಮೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಹೊಸ ಸೋಲಾರ್, ಗಾಳಿಯಂತ್ರ ಬಂದಂತೆಲ್ಲ ಈಗಾಗಲೇ ರಸ್ತೆಯಲ್ಲಿರುವ ಎಲೆಕ್ಟ್ರಿಕ್ ಕಾರೂ ತನ್ನಷ್ಟಕ್ಕೆ ಶುದ್ಧವಾಗುತ್ತಾ ಹೋಗುತ್ತದೆ. ಇವತ್ತು ಕೊಂಡ ಹೈಬ್ರಿಡ್ ಹದಿನೈದು ವರ್ಷ ಕಳೆದರೂ ಅಷ್ಟೇ ಪೆಟ್ರೋಲ್ ಕುಡಿಯುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಒಂದೇ ಕೋರಿಕೆ. ಇನ್ನು ಮುಂದೆ ಪ್ಲಗ್-ಇನ್ ಹೈಬ್ರಿಡ್ ಬಗ್ಗೆ ಬರೆಯುವಾಗ ಕಂಪನಿ ಕೊಟ್ಟ ಮೈಲೇಜ್ ಪಕ್ಕದಲ್ಲಿ ಬ್ಯಾಟರಿ ಖಾಲಿ ಇದ್ದಾಗಿನ ಮೈಲೇಜನ್ನೂ ಹಾಕಿ. ಒಂದು ಸಾಲು ಸಾಕು, ಜಾಗ ಬೇಕಾದರೆ ಆ ‘ಪರಿಸರಸ್ನೇಹಿ’ಯನ್ನು ತೆಗೆಯಿರಿ. ಸ್ನೇಹಿತನಿಗೂ ಈ ಪತ್ರ ತೋರಿಸಿದೆ. ಕೇಬಲ್ ಕವರ್ ಬಿಚ್ಚಿದ್ದಾನಂತೆ, ಆದರೆ ಅವನು ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಗ್ ಪಾಯಿಂಟೇ ಇಲ್ಲ.

ಇಂತಿ,
ನಿಮ್ಮ ಖಾಯಂ ಓದುಗ