ಎಸ್‌ಪಿ ರಸ್ತೆಯಲ್ಲಿ ಸಿಕ್ಕ ಹಿರಿಯರಿಗೆ

ಸರ್, ಕಳೆದ ಶನಿವಾರ ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದಿರಿ. ಹೆಸರು ಕೇಳಲು ಮರೆತೆ.

ಅಮ್ಮನ ಮಲ್ಲಿಗೆ ಕುಂಡಕ್ಕೆ ನೀರು ಹಾಕುವ ಪುಟ್ಟ ಪಂಪನ್ನು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನಿಂದ ನಡೆಸಲು ಒದ್ದಾಡುತ್ತಿದ್ದೆ. ಪಂಪ್ ಶುರುವಾದರೆ ಸಾಕು, ಬೋರ್ಡ್ ರೀಸೆಟ್! ಎರಡು ವಾರ ಸುಮ್ನೆ ಕೋಡ್‌ನಲ್ಲೇ ತಪ್ಪು ಹುಡುಕಿದ್ದೆ. ನೀವು ಕೋಡ್ ನೋಡಲೇ ಇಲ್ಲ. “ಪಂಪಿಗೂ ಬೋರ್ಡಿನ 5 ವೋಲ್ಟನ್ನೇ ಕೊಟ್ಟಿದ್ದೀರಲ್ವಾ?” ಅಂದಿರಿ. ಮೋಟರ್ ತಿರುಗಲು ಶುರುವಾದಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಪಂಪಿಗೆ ಬೇರೆ ಬ್ಯಾಟರಿ, ಎರಡಕ್ಕೂ ಒಂದೇ ಗ್ರೌಂಡ್, ಮೋಟರ್‌ಗೆ ಅಡ್ಡಲಾಗಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ). ಬಿಲ್ಲಿನ ಹಿಂದೆ ಅಷ್ಟನ್ನೂ ಬರೆದುಕೊಟ್ಟಿರಿ. ಆ ಡಯೋಡ್ ಇಲ್ಲದಿದ್ದರೆ, ಮೋಟರ್ ಆಫ್ ಮಾಡಿದಾಗ ಚಿಮ್ಮುವ ಹಿಮ್ಮುಖ ವೋಲ್ಟೇಜ್ ಪಂಪಿಗೆ ಸ್ವಿಚ್ಚಿನಂತಿರುವ ಮಾಸ್‌ಫೆಟ್ಟನ್ನೇ ಸುಡಬಹುದು ಎಂದು ಆವತ್ತೇ ನನಗೆ ಅರ್ಥವಾಗಿದ್ದು.

ಇವತ್ತು ಬೆಳಿಗ್ಗೆ ಮಲ್ಲಿಗೆಗೆ ನೀರು ಬಿತ್ತು. ಆ ಬಿಲ್ಲು ಮೇಜಿನ ಮುಂದೆ ಅಂಟಿಸಿದ್ದೇನೆ. ತುಂಬಾ ಥ್ಯಾಂಕ್ಸ್ ಸರ್.