ಮೇಲುಕೋಟೆಯ ಚೆಲುವನಿಗೆ ಮುಡಿ ಮೂರು

ಮಾನ್ಯ ಸಂಪಾದಕರೆ,

ಫಾಲ್ಗುಣ ಬಂತೆಂದರೆ ಪತ್ರಿಕೆ, ಟಿವಿಗಳಲ್ಲಿ ಮೇಲುಕೋಟೆ ವೈರಮುಡಿಯದೇ, ಅಂದರೆ ಚೆಲುವಸ್ವಾಮಿಯ ವಜ್ರಕಿರೀಟದ ಉತ್ಸವದ್ದೇ, ಸುದ್ದಿ. ಸಂತೋಷವೇ. ಆದರೆ ಕೆಲವು ತಪ್ಪುಗಳೂ ಅದರ ಜೊತೆಗೇ ಓಡಾಡುತ್ತವೆ: ವೈರಮುಡಿಯನ್ನು ಕೊಟ್ಟವರು ರಾಜ ಒಡೆಯರ್, ಅದನ್ನು ತೊಡಿಸುವುದು ಗರ್ಭಗುಡಿಯ ಮೂಲದೇವರಿಗೆ, ಸ್ವಾಮಿಗೆ ಇರುವುದು ಅದೊಂದೇ ಕಿರೀಟ. ಈ ಮೂರೂ ಸರಿಯಲ್ಲ. ಇವನ್ನೇ ನಂಬಿ ಜನ ಒಂದೇ ರಾತ್ರಿಗೆ ಬೆಟ್ಟದ ಮೇಲೆ ಮುಗಿಬೀಳುತ್ತಾರೆ. ಅಜ್ಜ ಅಜ್ಜಿಯರು, ಕೂಸು ಎತ್ತಿಕೊಂಡವರು ನೂಕುನುಗ್ಗಲಿನಲ್ಲಿ ಸಿಕ್ಕಿ, ಮುಡಿ ಕಣ್ಣಿಗೆ ಬೀಳದೆಯೇ ಬಸ್ಸು ಹತ್ತುವುದೂ ಉಂಟು.

ಗರ್ಭಗುಡಿಯಲ್ಲಿರುವ ಮೂಲಮೂರ್ತಿ ತಿರುನಾರಾಯಣ. ಬೀದಿಗೆ ಬರುವ ಉತ್ಸವಮೂರ್ತಿ ಚೆಲುವಪಿಳ್ಳೆ, ರಾಮಪ್ರಿಯ ಎಂದೂ ಹೆಸರು. ರಾಮ ಪೂಜಿಸಿದ್ದು, ಆಮೇಲೆ ಕುಶನ ಮಗಳ ಮದುವೆಯ ಮೂಲಕ ಯದುಕುಲಕ್ಕೆ ಬಂದು ಕೃಷ್ಣನ ಪೂಜೆಗೆ ಒದಗಿದ್ದು ಎಂದು ಸ್ಥಳಪುರಾಣ. ಮುಡಿ ಏರುವುದು ಈ ಚೆಲುವಪಿಳ್ಳೆಯ ತಲೆಗೆ. ಹಾಗಾಗಿ ವೈರಮುಡಿ ನೋಡಲೆಂದು ಗರ್ಭಗುಡಿಯ ಸಾಲಿನಲ್ಲಿ ನಿಂತರೆ ಪ್ರಯೋಜನವಿಲ್ಲ, ಬೀದಿಯಲ್ಲಿ ನಿಲ್ಲಬೇಕು.

‘ವೈರ’ ಅಂದರೆ ಇಲ್ಲಿ ಹಗೆಯಲ್ಲ, ವಜ್ರ. ತಮಿಳಿನ ‘ವೈರಂ’ ಶ್ರೀವೈಷ್ಣವರ ಬಾಯಲ್ಲಿ ಹಾಗೇ ಉಳಿದಿದೆ. ಪ್ರಹ್ಲಾದನ ಮಗ ವಿರೋಚನ ಕ್ಷೀರಸಾಗರದಲ್ಲಿ ಮಲಗಿದ್ದ ವಿಷ್ಣುವಿನ ಕಿರೀಟವನ್ನು ಕದ್ದೊಯ್ದ. ಗರುಡ ಹೋರಾಡಿ ಅದನ್ನು ತಂದ. ಬರುವ ದಾರಿಯಲ್ಲಿ ನೀಲಮಣಿಯೊಂದು ಕಳಚಿ ತಮಿಳುನಾಡಿನ ನಾಚ್ಚಿಯಾರ್ ಕೋವಿಲ್ ಬಳಿಯ ಹೊಳೆಗೆ ಬಿತ್ತು. ಕೃಷ್ಣ ಆ ಕಿರೀಟವನ್ನು ರಾಮಪ್ರಿಯನಿಗೆ ತೊಡಿಸಿದ. ಕಥೆ ಇಷ್ಟು. ಆ ರಾತ್ರಿ ಸ್ವಾಮಿ ಶ್ರೀದೇವಿ ಭೂದೇವಿಯರೊಡನೆ ಗರುಡವಾಹನದ ಮೇಲೇ ಬರುವುದೇಕೆ ಎಂಬುದಕ್ಕೆ ಉತ್ತರವೂ ಈ ಕಥೆಯಲ್ಲೇ ಇದೆ. ಇದರಲ್ಲಿ ಯಾವ ದೊರೆಯೂ ಇಲ್ಲ.

ವೈರಮುಡಿಗೆ ಹಗಲಿನ ಬೆಳಕು ಸೋಕಬಾರದು ಎಂಬ ಕಟ್ಟಳೆ ಇದೆ. ಫಾಲ್ಗುಣದ ಪುಷ್ಯ ನಕ್ಷತ್ರದ ದಿನ ಪೆಟ್ಟಿಗೆ ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಟು, ಊರಿನ ಲಕ್ಷ್ಮೀಜನಾರ್ದನ ಸ್ವಾಮಿ ಗುಡಿಯಲ್ಲಿ ಪೂಜೆ ಪಡೆದು, ಇಂಡುವಾಳು, ಕಿರಂಗೂರು, ಪಾಂಡವಪುರ, ಜಕ್ಕನಹಳ್ಳಿ ದಾಟಿ ಸಂಜೆಗೆ ಬೆಟ್ಟ ಸೇರುತ್ತದೆ. ದಾರಿಯುದ್ದಕ್ಕೂ ಹಳ್ಳಿಯವರು ತಳಿರುತೋರಣ ಕಟ್ಟಿ, ಆರತಿ ಹಿಡಿದು ಕಾಯುತ್ತಾರೆ. ಅದನ್ನು ಬೇಡ ಎನ್ನಲಾಗದು, ಅದು ಆ ಊರುಗಳ ಹಕ್ಕು. ಆದರೆ ಒಂದೊಂದು ಊರಿನಲ್ಲಿ ಹತ್ತು ನಿಮಿಷ ಹೆಚ್ಚಾದರೂ ಮೇಲುಕೋಟೆಯಲ್ಲಿ ಉತ್ಸವ ಹೊರಡುವುದು ಅಷ್ಟಕ್ಕಷ್ಟು ತಡ. ಮುಗಿಯುವ ಹೊತ್ತನ್ನು ಮಾತ್ರ ಮುಂದೂಡುವ ಹಾಗಿಲ್ಲ, ಸೂರ್ಯ ಕಾಯುವುದಿಲ್ಲ. ತಡವಾದಷ್ಟೂ ಬೀದಿಯಲ್ಲಿ ವಾಹನ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ, ನೂಕಾಟ ಹೆಚ್ಚುತ್ತದೆ. ಹಣ್ಣುಕಾಯಿ, ಮಂಗಳಾರತಿ ಮಾಡಿಸುವ ಊರಿನವರು ಎಲ್ಲ ಸಿದ್ಧವಾಗಿಟ್ಟುಕೊಂಡು ಬೇಗ ಮುಗಿಸಿಕೊಟ್ಟರೆ ಅದೂ ಒಂದು ಸೇವೆ.

ಬರುವವರು ಮಾಡುವ ದೊಡ್ಡ ತಪ್ಪೆಂದರೆ ಮಧ್ಯಾಹ್ನವೇ ಬಂದು ಕಲ್ಯಾಣಿ ಸುತ್ತಿ, ಯೋಗನರಸಿಂಹನ ಬೆಟ್ಟ ಹತ್ತಿ ಇಳಿದು, ಅಕ್ಕತಂಗಿ ಕೊಳ, ರಾಯಗೋಪುರ ಎಲ್ಲ ನೋಡಿ ಕಾಲು ಸೋಲಿಸಿಕೊಳ್ಳುವುದು. ಸ್ವಾಮಿ ಹೊರಡುವ ಹೊತ್ತಿಗೆ ಅವರಿಗೆ ನಿದ್ದೆ. ಎರಡನೆಯದು, ಎಲ್ಲರೂ ಮಹಾದ್ವಾರದ ಮುಂದೆಯೇ ಜಮಾಯಿಸುವುದು. ಬಾಗಿಲ ಬಳಿ ಒತ್ತಡ ಹೆಚ್ಚು, ನೋಟ ಕಡಿಮೆ. ಬೀದಿಯ ನಡುವಿನಲ್ಲಿ ಗೋಡೆಗೆ ಒರಗಿ ನಿಂತವರಿಗೇ ಚೆನ್ನಾಗಿ ಕಾಣುವುದು. ಮೊಬೈಲ್ ಫ್ಲ್ಯಾಶ್ ಹಾಕಿದರೆ ಹರಳಿನ ಮಿಂಚು ಫೋಟೋದಲ್ಲಿ ಬಿಳಿ ಮಚ್ಚೆಯಾಗುತ್ತದೆ ಅಷ್ಟೆ. ದೀವಟಿಗೆಯ ಬೆಳಕಿನಲ್ಲಿ ಕಣ್ಣಿಂದ ನೋಡುವಂಥದ್ದು ಅದು.

ಇನ್ನು ಉಳಿದ ಎರಡು ಮುಡಿಗಳು. ರಾಜಮುಡಿ ಕೊಟ್ಟವರು 1578ರಿಂದ 1617ರವರೆಗೆ ಆಳಿದ, 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ರಾಜ ಒಡೆಯರ್. ಕೈಮುಗಿದು ನಿಂತ ಅವರ ಉಬ್ಬುಶಿಲ್ಪ ದೇವಾಲಯದ ಕಂಬದಲ್ಲೇ ಇದೆ. ಕಡೆಗಾಲದಲ್ಲಿ ಗರ್ಭಗುಡಿ ಹೊಕ್ಕವರು ಮತ್ತೆ ಕಾಣಲಿಲ್ಲ, ಸ್ವಾಮಿಯಲ್ಲೇ ಐಕ್ಯರಾದರು ಎಂಬುದು ಪ್ರತೀತಿ. ಎರಡು ಹೆಸರು ಬೆರೆತದ್ದಕ್ಕೂ ಕಾರಣವಿದೆ: ವೈರಮುಡಿಯ ರಾತ್ರಿಯೇ ಆ ಕಿರೀಟ ಇಳಿಸಿದ ಮೇಲೆ ಸ್ವಾಮಿಗೆ ರಾಜಮುಡಿ ತೊಡಿಸುತ್ತಾರೆ. ಆದರೆ ರಾಜಮುಡಿಗೆ ಅದರದೇ ಬ್ರಹ್ಮೋತ್ಸವ ಕಾರ್ತೀಕದಲ್ಲಿದೆ. ಅದರ ಬೆನ್ನಿಗೇ ಅಷ್ಟತೀರ್ಥೋತ್ಸವ, ಮಕ್ಕಳ ಫಲ ಬೇಡುವವರು ಸೇರುವ ತೊಟ್ಟಿಲಮಡು ಜಾತ್ರೆ. ಕೃಷ್ಣರಾಜಮುಡಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಕಾಣಿಕೆ, ಅದರ ಉತ್ಸವ ಆಷಾಢದಲ್ಲಿ. ಅದೇ ಚೆಲುವಪಿಳ್ಳೆ, ಅದೇ ಬೀದಿ. ಸಾಲಾಗಿ ನಿಂತು ನಿಧಾನವಾಗಿ ಕೈಮುಗಿಯಬಹುದು. ಮಂಡಿನೋವಿನವರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಜಾಣತನ.

ರಾಮಾನುಜರ ಕಾಲದ ಬಗ್ಗೆಯೂ ಒಂದು ಮಾತು. ಅವರು ಬಹುಧಾನ್ಯ ಸಂವತ್ಸರದಲ್ಲಿ ಇಲ್ಲಿ ಪ್ರತಿಷ್ಠೆ ಮಾಡಿದರೆಂಬ ಸಂಪ್ರದಾಯವನ್ನು ಲೆಕ್ಕ ಹಾಕಿದರೆ 1099ರ ಸುಮಾರು ಬರುತ್ತದೆ. ಆಗ ಹೊಯ್ಸಳ ದೊರೆ ವಿಷ್ಣುವರ್ಧನ ಅವರಿಗೆ ನೆರವಾದನೆಂದೂ ಹೇಳುತ್ತಾರೆ, ಆದರೆ ಆತ ಪಟ್ಟಕ್ಕೆ ಬಂದದ್ದು 1108ರ ಹೊತ್ತಿಗೆ. ರಾಮಾನುಜರು ಚೆಲುವಪಿಳ್ಳೆಯನ್ನು ದೆಹಲಿ ಸುಲ್ತಾನನ ಅರಮನೆಯಿಂದ ಕರೆತಂದರೆನ್ನುತ್ತಾರೆ, ಆದರೆ ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಹಾಗೆಂದು ಸ್ವಾಮಿಯನ್ನು ಬಿಟ್ಟಿರಲಾರದೆ ಹಿಂದೆಯೇ ಬಂದ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಕಥೆಯನ್ನು ಬಿಡಬೇಕಿಲ್ಲ, ಆಕೆಗೆ ಸ್ವಾಮಿಯ ಪಾದದ ಬಳಿಯೇ ಸ್ಥಾನವಿದೆ. ಕಥೆಯನ್ನು ಕಥೆಯಾಗಿ, ಇಸವಿಯನ್ನು ಇಸವಿಯಾಗಿ ಬರೆದರೆ ಸಾಕು.

ಯುಗಾದಿಯ ಹೊತ್ತಿಗೆ ಆ ಸಂವತ್ಸರದ ಆಷಾಢ, ಕಾರ್ತೀಕ, ಫಾಲ್ಗುಣದ ಮೂರೂ ಉತ್ಸವಗಳ ದಿನಾಂಕವನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಮಂಡ್ಯ, ಮೈಸೂರು, ಪಾಂಡವಪುರದ ಬಸ್ ನಿಲ್ದಾಣಗಳಲ್ಲಿ ಅಂಟಿಸಬೇಕೆಂದು ಜಿಲ್ಲಾಡಳಿತವನ್ನು, ದೇವಾಲಯದವರನ್ನು ಕೇಳಿಕೊಳ್ಳುತ್ತೇವೆ. ತಮ್ಮ ಪತ್ರಿಕೆಯೂ ಆ ಪಟ್ಟಿಯನ್ನು ಪ್ರಕಟಿಸಲಿ.

ಇಂತಿ,
ಮೇಲುಕೋಟೆಗೆ ನಡೆದುಕೊಳ್ಳುವ ಒಕ್ಕಲಿನವರು
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ