ಭಾನುವಾರ ಮಧ್ಯಾಹ್ನ 3ಕ್ಕೆ ನಮ್ಮ ಹುಡುಗರ ಆಲ್ಬಮ್ ಬಿಡುಗಡೆ, ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಟಿಳಕವಾಡಿಯಲ್ಲಿ ನಾವು ಯಾವಾಗಲೂ ಸೇರುವ ಹಾಲ್‌ನಲ್ಲೇ ಕಾರ್ಯಕ್ರಮ. ಗೋಕಾಕ, ಬೈಲಹೊಂಗಲದಿಂದ ಬರುವವರು ಸಂಜೆ ಬಸ್ಸಿಗೆ ವಾಪಸ್ ಹೋಗಲಿ ಅಂತಲೇ ಮಧ್ಯಾಹ್ನ ಇಟ್ಟಿದ್ದೇವೆ. ಭೀಮಪಲಾಸ ಹಾಡುವ ಹೊತ್ತೂ ಅದೇ ಅಲ್ವಾ! ಎರಡನೇ ಟ್ರ್ಯಾಕ್ ಪೂರ್ತಿ ಆ ರಾಗದ ಮೇಲೇ ಇದೆ.

ಇದು ಆರ್ಕೆಸ್ಟ್ರಾ ಅಲ್ಲ, ಸಿನಿಮಾ ಹಾಡು ಇರುವುದಿಲ್ಲ. ಸವದತ್ತಿ ಯಲ್ಲಮ್ಮನ ಜೋಗತಿಯರು ನುಡಿಸುವ ಚೌಡಿಕೆ ಇದೆಯಲ್ಲ, ಅದಕ್ಕೆ ಮೈಕ್ ಕಟ್ಟಿ, ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಲೂಪ್ ಪೆಡಲ್‌ಗೆ ಜೋಡಿಸಿದ್ದಾರೆ. ಇರುವುದು ಒಂದೇ ತಂತಿ. ಬಿಗಿ ಹಿಡಿದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಆ ಸದ್ದು ಸುತ್ತಿ ಸುತ್ತಿ ಬರುವಾಗ ಮೇಲಿಂದ ಗಿಟಾರ್ ಸೇರುತ್ತದೆ. ರಿಹರ್ಸಲ್‌ನಲ್ಲಿ ಕೇಳಿ ಮೈ ಜುಮ್ಮೆಂದಿತು. ಮಾಳವದ ಜನಪದ ಧಾಟಿಗಳಿಂದ ಹೊಸ ರಾಗ ಕಟ್ಟಿದ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಇಲ್ಲೇ ಸುಳೇಭಾವಿಯಲ್ಲಿ. ಅಂಥ ನೆಲದಲ್ಲಿ ಈ ಹುಡುಗರಿಗೆ ಹಾಲ್ ತುಂಬಲೇಬೇಕು.

ಟಿಕೆಟ್ ಇಲ್ಲ. ಸಿ.ಡಿ., ಪೆನ್‌ಡ್ರೈವ್ ಬಾಗಿಲಲ್ಲೇ ಸಿಗುತ್ತವೆ. ಸುಮ್ನೆ ಕೇಳಿ ಹೋಗದೆ ಒಂದಾದರೂ ಕೊಳ್ಳಿ, ಸ್ಟುಡಿಯೋ ಖರ್ಚೆಲ್ಲ ಅವರ ಕೈಯಿಂದಲೇ ಹೋಗಿದೆ. ಸೌಂಡ್ ಜಾಸ್ತಿ ಇರುತ್ತದೆ, ಚಿಕ್ಕ ಮಕ್ಕಳನ್ನು ಸ್ಪೀಕರ್‌ನಿಂದ ದೂರ ಕೂರಿಸಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಕುರ್ಚಿಗೆ ಹೇಳಬೇಕು.